ಕೋಲಾಟದ ಸಾಲಿನಿಂದ ನಾನು ತೆಗೆದ ಹುಡುಗಿ

ಹುಟ್ಟುಹಬ್ಬದ ದಿನ ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆ ಹಾಕಿಕೊಂಡು ಬಂದು ತರಗತಿಗೆಲ್ಲ ಚಾಕೊಲೇಟ್ ಹಂಚುವುದು ಈಗ ನಮ್ಮ ಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲೂ ರೂಢಿಯಾಗಿದೆ. ನಾನು ಹೇಳಹೊರಟಿರುವ ಹುಡುಗಿಯೂ ಅವತ್ತು ಹಾಗೆಯೇ ಬಂದಿದ್ದಳು. ಒಂಬತ್ತನೇ ತರಗತಿ. ತ್ಯಾಮಗೊಂಡ್ಲು ಕಡೆಯ ನಮ್ಮ ಪ್ರೌಢಶಾಲೆ ಇರುವ ಊರಿನವಳೇ. ತಂದೆ ಇರಲಿಲ್ಲ, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಹುಡುಗಿ ಎಡಗೈಯವಳು. ಬರೆಯುವುದು, ಕಸ ಗುಡಿಸುವುದು, ಹುಣಸೆಮರಕ್ಕೆ ಕಲ್ಲು ಬೀರುವುದು ಎಲ್ಲ ಎಡಗೈಯಲ್ಲೇ. ಊಟ ಒಂದನ್ನು ಮಾತ್ರ ತಾಯಿ ಹೊಡೆದು ಬಡಿದು ಬಲಗೈಗೆ ತಂದಿದ್ದರಂತೆ.

ಬಲಗೈಯಲ್ಲಿ ಡಬ್ಬಿ ಹಿಡಿದುಕೊಂಡು ಎಡಗೈಯಲ್ಲಿ ಚಾಕೊಲೇಟ್ ಕೊಡುತ್ತ ಬಂದಳು. ಎರಡನೇ ಬೆಂಚಿನಲ್ಲಿ ಪಕ್ಕದೂರಿನಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕೂತಿದ್ದಳು. ಓದಿನಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಎಡಗೈಲಿ ಕೊಡ್ತೀಯಲ್ಲೇ, ತೊಳ್ಕೊಳ್ಳೋ ಕೈಲಿ! ನಂಗ್ ಬ್ಯಾಡ, ನೀನೇ ತಿನ್ಕೋ ಹೋಗೇ."

ತರಗತಿಯೆಲ್ಲ ಗೊಳ್ಳೆಂದಿತು. ನಾನು ವಿಜ್ಞಾನದ ಮೇಷ್ಟ್ರು, ಹಲಗೆಯ ಮೇಲೆ ಮಸೂರದ ಚಿತ್ರ ಬರೆಯುತ್ತಿದ್ದೆ. ನಗು ಕೇಳಿ ತಿರುಗುವಷ್ಟರಲ್ಲಿ ತಗಡಿನ ಜಾಮಿಟ್ರಿ ಬಾಕ್ಸು ಬಸ್ಸಿನ ಹುಡುಗಿಯ ಹುಬ್ಬಿಗೆ ಬಿದ್ದಾಗಿತ್ತು. ಮೂರು ಹೊಲಿಗೆ ಹಾಕಿಸಬೇಕಾಯಿತು.

ಆ ವರ್ಷ ನಮ್ಮಲ್ಲಿ ಹೊಡೆದಾಟ ಹೊಸದೇನೂ ಅಲ್ಲ. ಊರಿನ ಹುಡುಗಿಯರದು ಒಂದು ಗುಂಪು, ಬಸ್ಸಿನವರದು ಒಂದು ಗುಂಪು. ನಲ್ಲಿಯ ಹತ್ತಿರ ಜಡೆ ಹಿಡಿದೆಳೆಯುವುದು, ಕೈವಾರದ ಮೊನೆಯಲ್ಲಿ ಚುಚ್ಚುವುದು, ಅದನ್ನು ಯಾರದೋ ಅಣ್ಣನ ಫೋನಿನಲ್ಲಿ ವಿಡಿಯೊ ಮಾಡಿ ಸ್ಟೇಟಸ್ ಹಾಕುವುದು. ಗಂಡುಹುಡುಗರು ಬೆಪ್ಪಾಗಿ ನೋಡುತ್ತ ನಿಲ್ಲುತ್ತಿದ್ದರು. ಈ ಎಡಗೈ ಹುಡುಗಿಯ ಹೆಸರು ಮೂರನೇ ಸಲ ಬಂದಿತ್ತು. ಮುಖ್ಯೋಪಾಧ್ಯಾಯರು ತಾಯಿಯನ್ನು ಕರೆಸಿದರು. ಕೊರಳಿನ ಫ್ಯಾಕ್ಟರಿ ಕಾರ್ಡು ತೆಗೆಯುವುದಕ್ಕೂ ಪುರುಸೊತ್ತಿಲ್ಲದೆ ಓಡಿಬಂದಿದ್ದ ಆಕೆ ನಿಂತೇ ಹೇಳಿದರು:

"ಟಿ.ಸಿ. ಕೊಟ್ಬಿಡಿ ಸಾರ್. ನಮ್ಮಕ್ಕನ ಮನೆಗ್ ಕಳಿಸ್ತೀನಿ, ಅವ್ರ ಮಗೂ ನೋಡ್ಕೊಂಡ್ ಇರ್ತಾಳೆ. ಇವ್ಳು ಓದಿದ್ದು ಸಾಕು."

ಹುಡುಗಿ ತಲೆ ಎತ್ತಲಿಲ್ಲ. ಆದರೆ "ಸಾಕು" ಎಂದಾಗ ಅವಳ ಎಡಗೈ ಲಂಗದ ನೆರಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನಾನು ಕಂಡೆ.

"ಇದೊಂದ್ಸಲ ನನಗ್ ಬಿಡಿ ಸಾರ್" ಎಂದುಬಿಟ್ಟೆ.

"ಬಿಟ್ಟೆ ಮೇಷ್ಟ್ರೇ. ಇನ್ನೊಂದ್ ಸಲ ಇವ್ಳು ಯಾರ್ ಮೇಲಾದ್ರೂ ಕೈ ಮಾಡಿದ್ಲು ಅಂದ್ರೆ ನಾನು ನಿಮ್ಮನ್ನೂ ಕೇಳಲ್ಲ, ಅವರಮ್ಮನ್ನೂ ಕೇಳಲ್ಲ" ಎಂದರು ಮುಖ್ಯೋಪಾಧ್ಯಾಯರು.

ನನ್ನ ತಲೆಯಲ್ಲಿ ಆಗ ಇದ್ದದ್ದು ನಮ್ಮ ಸೋದರಮಾವ. ನಾನು ಮಾತು ಕಲಿತದ್ದೇ ಅವನ ಬಾಯಿಂದ. ನಮ್ಮೂರ ಭಜನೆ ಮನೆಯಲ್ಲಿ ಕೋಲಾಟ ಕಟ್ಟುತ್ತಿದ್ದವನು ಅವನು. ನೀರಿನ ಪಾಳಿಗೆ ಹಗಲೆಲ್ಲ ಗುದ್ದಲಿ ಎತ್ತಿಕೊಂಡು ಕಚ್ಚಾಡಿದ ಇಬ್ಬರನ್ನು ಸಂಜೆ ಎದುರುಬದುರು ನಿಲ್ಲಿಸಿ ಕೋಲು ಕೊಡುತ್ತಿದ್ದ. "ಸಿಟ್ಟಿದ್ರೆ ಹೊಡೀರಪ್ಪ, ಕೋಲಿಗೆ ಹೊಡೀರಿ. ಆದ್ರೆ ಪದಕ್ಕೆ ಸರ್ಯಾಗಿ ಹೊಡೀರಿ" ಎನ್ನುತ್ತಿದ್ದ. ಪದಕ್ಕೆ ಸರಿಯಾಗಿ ಹೊಡೆಯಬೇಕೆಂದರೆ ಎದುರಿನವನ ಉಸಿರು ನೋಡಬೇಕು. ಎರಡು ಪದ ಮುಗಿಯುವಷ್ಟರಲ್ಲಿ ಗುದ್ದಲಿಯ ಮಾತು ಮರೆತುಹೋಗಿರುತ್ತಿತ್ತು. ನಾನು ಚಿಕ್ಕವನಾಗಿ ಇದನ್ನು ಕಣ್ಣಾರೆ ಕಂಡಿದ್ದೆ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಗಣಿತದ ಮೇಡಮ್ ಚಹಾ ನೆತ್ತಿಗೆ ಹತ್ತಿಸಿಕೊಂಡರು.

"ಅಲ್ಲಾ ಸಾರ್, ಬರೀ ಜಾಮಿಟ್ರಿ ಬಾಕ್ಸಲ್ಲೇ ಮೂರು ಹೊಲಿಗೆ ಹಾಕ್ಸ್ತಾವೆ. ನೀವು ಕೈಗೆ ದೊಣ್ಣೆ ಬೇರೆ ಕೊಡ್ತೀರಾ? ಆಂಬುಲೆನ್ಸ್‌ಗೂ ಹೇಳಿಟ್ಟುಬಿಡಿ!"

ಊರ ಬಡಗಿಯಿಂದ ಇಪ್ಪತ್ನಾಲ್ಕು ಕೋಲು ಮಾಡಿಸಿದೆ. ಊರಿನ ಆರು ಹುಡುಗಿಯರು, ಬಸ್ಸಿನ ಆರು ಹುಡುಗಿಯರು. ಎದುರುಬದುರು ಎರಡು ಸಾಲು. ಎಡಗೈ ಹುಡುಗಿಯ ಎದುರಿಗೆ ಹುಬ್ಬಿನ ಮೇಲೆ ಇನ್ನೂ ಪಟ್ಟಿ ಹಚ್ಚಿಕೊಂಡಿದ್ದ ಬಸ್ಸಿನ ಹುಡುಗಿಯನ್ನೇ ನಿಲ್ಲಿಸಿದೆ. ಇಬ್ಬರೂ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಹಾಡನ್ನು ಮಾತ್ರ ಅವರಿಗೇ ಬಿಟ್ಟೆ, ನೀವೇ ಕಟ್ಟಿ ಎಂದೆ. ಅವರು ಕಟ್ಟಿದ ಮೊದಲ ಸಾಲು ಇದು:

"ಎಂಟರ ಬಸ್ಸು ಒಂಬತ್ತಕ್ ಬಂತು ಕೋಲೆ,
ಕೈಯೆತ್ತಿದ್ರೂ ನಿಲ್ದಲೆ ಹೋಯ್ತು ಕೋಲೆ."

ಒಬ್ಬಳು ಹೇಳುವುದು, ಹನ್ನೊಂದು ಜನ ತಿರುಗಿ ಹೇಳುವುದು. ಬಿಸಿಯೂಟದ ಸಾರು, ನನ್ನ ಬೋಳುತಲೆ, ಶೌಚಾಲಯದ ಮುರಿದ ಬಾಗಿಲು, ಎಲ್ಲ ಪದದೊಳಗೆ ಬಂತು. ಬೈಗುಳವನ್ನೂ ಹಾಡಿಗೆ ಸೇರಿಸಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ಎಸೆದು ನಗುತ್ತಿದ್ದರು.

ತೊಡಕು ಬಂದದ್ದು ಎಡಗೈಯಿಂದ. ಕೋಲಾಟದಲ್ಲಿ ಎರಡು ಕೈಯಲ್ಲೂ ಕೋಲಿದ್ದರೂ ಮೊದಲ ಏಟು ಬಲಗೈಯದು. ಎದುರಿಗೆ ನಿಂತವಳ ಬಲಗೋಲು, ನನ್ನ ಬಲಗೋಲು ನಡುವೆ ಬಂದು ತಾಕಬೇಕು. ಇವಳಿಗೋ ಮೊದಲು ಎಡಗೈಯೇ ಏಳುತ್ತಿತ್ತು. ಆಗ ಎರಡೂ ಕೋಲು ಒಂದೇ ದಿಕ್ಕಿಗೆ ಓಡುತ್ತವೆ, ತಾಕುವುದೇ ಇಲ್ಲ. ಮೊದಲ ವಾರ ಬಸ್ಸಿನ ಹುಡುಗಿಯ ಬೆರಳ ಗೆಣ್ಣುಗಳು ಊದಿಕೊಂಡವು. ದಿನಾ ದೂರು ಬರುತ್ತದೆಂದು ಕಾದೆ. ಬರಲಿಲ್ಲ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀರಿನ ತೊಟ್ಟಿಯ ಹಿಂದಿನಿಂದ ಟಕ್ ಟಕ್ ಸದ್ದು ಕೇಳಿ ಹೋಗಿ ಇಣುಕಿದೆ. ಅವರಿಬ್ಬರೇ ಇದ್ದರು. ಬಸ್ಸಿನ ಹುಡುಗಿ ತಾನು ಎಡಗೈಯನ್ನು ಮೊದಲು ಎತ್ತಿ ಹೊಡೆಯುವುದನ್ನು ಕಲಿಯುತ್ತಿದ್ದಳು.

"ನಿಂದ್ ಈಕಡೆಯಿಂದ ಬರ್ತದೆ ಅಲ್ವಾ, ನಾನೂ ಈಕಡೆಯಿಂದ್ಲೇ ಬತ್ತೀನಿ. ನಿಧಾನಕ್ಕೆ ಹೊಡಿಯೇ ಎಮ್ಮೆ!"

"ನೀನೇ ಎಮ್ಮೆ. ನಿಂಗ್ ಎಡಗೈಯೇ ಇಲ್ಲ, ಕೊಳ್ಳಿದೆವ್ವ ಕೈ ಬೀಸ್ದಂಗ್ ಬೀಸ್ತೀಯ."

"ಎಲ್ಲೇ ನೋಡಿದ್ದೆ ನೀನು ಕೊಳ್ಳಿದೆವ್ವಾನ?"

"ಈಗ ನೋಡ್ತಿಲ್ವಾ?"

ಬಿದ್ದು ಬಿದ್ದು ನಕ್ಕರು. ನಾನು ಸದ್ದು ಮಾಡದೆ ಹಿಂದಿರುಗಿದೆ. ಸಾಲು ಒಂದೊಂದು ಹೆಜ್ಜೆ ಸರಿದು ಜೊತೆ ಬದಲಾಗುತ್ತದಲ್ಲ, ಕ್ರಮೇಣ ಬಸ್ಸಿನ ಮಿಕ್ಕ ಐವರೂ ಅದನ್ನು ಕಲಿತರು. ಅವಳ ಎದುರಿಗೆ ಬಂದಾಗ ಎಡಗೈ ಮೊದಲು, ಅವಳನ್ನು ದಾಟಿದ ಕೂಡಲೇ ಮತ್ತೆ ಬಲಗೈ. ಯಾರೂ ಹೇಳಿಕೊಟ್ಟದ್ದಲ್ಲ. ನನಗೇ ಮಾಡಿ ತೋರಿಸಲು ಬರುತ್ತಿರಲಿಲ್ಲ. ನಲ್ಲಿಯ ಹತ್ತಿರದ ಜಗಳ ನಿಂತಿತು. ನಾಲ್ಕು ತಿಂಗಳು ಒಂದು ದೂರಿಲ್ಲ.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹೊಗಳಿಕೆ ಬಂತು. ಮೇಲಿನ ಅಧಿಕಾರಿಯೊಬ್ಬರು ಬಂದು ನೋಡಿ "ಇದು ಬೇರೆ ಶಾಲೆಗಳಿಗೂ ಮಾದರಿ" ಎಂದು ನನ್ನ ಬೆನ್ನು ತಟ್ಟಿದರು. ಮೇಷ್ಟ್ರುಗಳ ಸಭೆಯಲ್ಲಿ ಎದ್ದು ನಿಂತು ಮಾವನ ಗುದ್ದಲಿಯ ಕತೆ ಹೇಳಿದೆ, ಚಪ್ಪಾಳೆ ಬಿತ್ತು. ನೀರಿನ ತೊಟ್ಟಿಯ ಹಿಂದೆ ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ಅದು ಹುಡುಗಿಯರ ಬುದ್ಧಿವಂತಿಕೆಯಾಗುತ್ತಿತ್ತು, ನನ್ನದಾಗುತ್ತಿರಲಿಲ್ಲ.

ಅಷ್ಟರಲ್ಲಿ ನೆಲಮಂಗಲದಲ್ಲಿ ತಾಲ್ಲೂಕು ಮಟ್ಟದ ಸ್ಪರ್ಧೆ ಎಂದು ಪತ್ರ ಬಂತು. ಹೆಸರು ಕೊಟ್ಟೆ. ಬೇರೆ ಶಾಲೆಯ ಗೆಳೆಯರೊಬ್ಬರು, ಇಂಥ ಸ್ಪರ್ಧೆಗಳಲ್ಲಿ ಪಳಗಿದವರು, ಅಭ್ಯಾಸ ನೋಡಲು ಬಂದಿದ್ದರು. "ಚೆನ್ನಾಗಿದೆ ಗುರುವೇ. ಆದ್ರೆ ಆ ಹುಡುಗಿ ಹತ್ರ ಬಂದಾಗೆಲ್ಲ ಸಾಲು ಕನ್ನಡೀಲಿ ನೋಡ್ದಂಗ್ ಉಲ್ಟಾ ಆಗ್ತದಲ್ಲ, ತೀರ್ಪುಗಾರ್ರು ಮೊದಲು ನೋಡೋದೇ ಅದನ್ನ" ಎಂದರು.

ಮಾರನೇ ದಿನ ಅವಳ ಬಲಗೋಲಿಗೆ ಕೆಂಪು ದಾರ ಕಟ್ಟಿದೆ. ಕೆಂಪು ಮೊದಲು ಏಳಬೇಕು. ಏಳಲಿಲ್ಲ. ಒಂದು ವಾರ ಗದರಿದೆ. ಅವಳು ಬಲಗೈ ಎತ್ತಬೇಕೆಂದು ತುಟಿ ಕಚ್ಚಿಕೊಂಡು ನಿಂತಾಗ ಹಾಡು ಅವಳ ಬಾಯಿಂದ ನಿಂತುಹೋಗುತ್ತಿತ್ತು. ಬಸ್ಸಿನ ಹುಡುಗಿ ಮುಂದೆ ಬಂದು ಹೇಳಿದಳು:

"ಸಾರ್, ನಾವೇ ಅಡ್ಜಸ್ಟ್ ಮಾಡ್ಕೊಂಡಿದೀವಲ್ಲ ಸಾರ್. ಅವಳ್ನ್ ಯಾಕ್ ಬೈತೀರಾ?"

"ನೀವು ಮಾಡ್ಕೋತೀರಮ್ಮ, ತೀರ್ಪುಗಾರ್ರು ಮಾಡ್ಕೊಳ್ತಾರಾ? ಇವಳೊಬ್ಬಳ ಕೈಯಿಂದ ಹನ್ನೊಂದು ಜನಕ್ಕೆ ತೊಂದರೆ."

ಈ ಮಾತನ್ನು ನಾನು ಹನ್ನೆರಡು ಜನರ ಎದುರಿಗೆ ಹೇಳಿದೆ. ಚಾಕೊಲೇಟನ್ನು ಬೇಡವೆಂದ ಹುಡುಗಿಗಾದರೂ ಹದಿನಾಲ್ಕು ವರ್ಷ. ನನಗೆ ಐವತ್ಮೂರು.

ಅವಳ ಜಾಗಕ್ಕೆ ಎಂಟನೇ ತರಗತಿಯ ಒಬ್ಬಳನ್ನು ಹಾಕಿ ಇವಳ ಕೈಗೆ ತಾಳ ಕೊಟ್ಟೆ. "ನೀನು ಪಕ್ಕದಲ್ಲಿ ನಿಂತು ತಾಳ ಹಾಕು, ಅದೂ ಮುಖ್ಯಾನೇ" ಎಂದೆ. "ಆಯ್ತು ಸಾರ್" ಎಂದಳು. ಯಾಕೆ ಎಂದು ಕೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಲಿಲ್ಲ.

ಸ್ಪರ್ಧೆಯ ದಿನ ಮೊದಲ ಪದ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ವೇಗ ಹೆಚ್ಚಿತು. ವೇಗ ಹೆಚ್ಚಿದಾಗ ಮನಸ್ಸು ಹಿಂದೆ ಉಳಿದು ಕೈ ತನಗೆ ಗೊತ್ತಿರುವುದನ್ನು ಮಾಡುತ್ತದೆ. ಬಸ್ಸಿನ ಹುಡುಗಿ ಆ ಹೊಸಬಳ ಎದುರಿಗೆ ಬಂದ ಕೂಡಲೇ ನಾಲ್ಕು ತಿಂಗಳ ಅಭ್ಯಾಸದಂತೆ ಎಡಗೈ ಎತ್ತಿದಳು. ಕೋಲು ತಾಕಲಿಲ್ಲ. ಹೊಸ ಹುಡುಗಿ ಗಾಬರಿಯಾಗಿ ಕೋಲು ಬಿಟ್ಟಳು, ಅದು ಉರುಳಿ ವೇದಿಕೆಯಿಂದ ಕೆಳಗೆ ತೀರ್ಪುಗಾರರ ಮೇಜಿನ ಹತ್ತಿರ ಬಿತ್ತು. ಹಿಂದೆ ಬಂದವಳು ಮುಗ್ಗರಿಸಿದಳು. ಸಾಲು ಮುರಿಯಿತು. ಶಾಮಿಯಾನದ ಕೆಳಗಿನ ಜನ ನಕ್ಕರು.

ಮುಂದಿನದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅಲ್ಲಿಗೆ ಬಂದ ಬಸ್ಸಿನ ಹುಡುಗಿಯ ಕೈಯಿಂದ ಕೋಲು ಕಿತ್ತುಕೊಂಡೆ.

"ಯಾವ ಕೈ?" ಎಂದೆ.

ಅವಳು ಸುಮ್ಮನೆ ಎಡಗೈ ಮುಂದೆ ಚಾಚಿದಳು. ಶಾಲೆಯಲ್ಲಿ ಏಟು ತಿಂದು ಅಭ್ಯಾಸವಿದ್ದ ಮಕ್ಕಳು ಚಾಚುವ ಹಾಗೆ, ಅಂಗೈ ಮೇಲೆ ಮಾಡಿ. ಹೊಡೆದೆ. ಒಂದಲ್ಲ, ಎರಡು. ಮೂರನೆಯದಕ್ಕೆ ಎತ್ತಿದಾಗ ಎಡಗೈ ಹುಡುಗಿ ನಡುವೆ ಬಂದಳು.

"ಹೊಡೀಬೇಡಿ ಸಾರ್! ಅವ್ಳದ್ ಏನ್ ತಪ್ಪು?"

ಎರಡೂ ಕೈಯಲ್ಲಿ ನನ್ನ ಎದೆಗೆ ತಳ್ಳಿದಳು. ನಾನು ಹಿಂದಕ್ಕೆ ಹೋಗಿ ಕುರ್ಚಿಗಳ ಮೇಲೆ ಬಿದ್ದೆ, ತುಟಿ ಒಡೆಯಿತು. ಆ ಸದ್ದಿಗೆ ಓಡಿಬಂದ ಮುಖ್ಯೋಪಾಧ್ಯಾಯರು ಕಂಡದ್ದು ಇಷ್ಟೇ: ಕುರ್ಚಿಗಳ ನಡುವೆ ಬಿದ್ದ ಮೇಷ್ಟ್ರು, ಮುಷ್ಟಿ ಕಟ್ಟಿ ನಿಂತ ಹುಡುಗಿ.

ಮಾರನೇ ದಿನ ಅವರ ಕೋಣೆಯಲ್ಲಿ ನಾವು ನಾಲ್ಕು ಜನ, ಜೊತೆಗೆ ರಜೆ ಹಾಕಿ ಬಂದಿದ್ದ ತಾಯಿ.

"ಏನಾಯ್ತು ಮೇಷ್ಟ್ರೇ?"

"ಸಾರೇ ಮೊದ್ಲು ನಂಗ್ ಹೊಡೆದ್ರು ಸಾರ್" ಎಂದಳು ಬಸ್ಸಿನ ಹುಡುಗಿ.

"ನಿನ್ನ ಕೇಳಿದ್ನಾ? ಬಾಯ್ ಮುಚ್ಕೊಂಡ್ ನಿಂತ್ಕೋ. ಹೇಳಿ ಮೇಷ್ಟ್ರೇ."

ಮಕ್ಕಳ ಮೇಲೆ ಕೈಮಾಡಿದರೆ ಕೆಲಸಕ್ಕೇ ಕುತ್ತು ಬರಬಹುದಾದ ಕಾಲ ಇದು. ಮಾದರಿ ಮೇಷ್ಟ್ರು ಎನಿಸಿಕೊಂಡವನು ಕೋಲಿನಲ್ಲೇ ಹೊಡೆದ ಎಂದರೆ? ನಾನು ತುಟಿಯ ಮೇಲೆ ಕರ್ಚೀಫು ಒತ್ತಿ ಹಿಡಿದಿದ್ದೆ. ರಕ್ತ ಹಿಂದಿನ ದಿನವೇ ನಿಂತಿತ್ತು. ಮಾತಾಡಲು ನೋವಾಗುತ್ತದೆಂಬಂತೆ ತಲೆ ಅಲ್ಲಾಡಿಸಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಎಡಗೈ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಾರ್ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದಳು.

ಟಿ.ಸಿ. ಕೊಡುವುದೆಂದು ಮುಖ್ಯೋಪಾಧ್ಯಾಯರು ತೀರ್ಮಾನಿಸಿದರು. ಶಾಲೆಯೇ ಹೊರಗೆ ಹಾಕಿತು ಎಂದಾಗಬಾರದು ನೋಡಿ, ಪೋಷಕರೇ ಟಿ.ಸಿ. ಕೇಳಿದಂತೆ ಅರ್ಜಿ ಬೇಕು. ತಾಯಿ ಪೆನ್ನು ನನ್ನ ಕಡೆ ಚಾಚಿದರು.

"ನಂಗ್ ಸರ್ಯಾಗ್ ಬರ್ಯಕ್ ಬರಲ್ಲ. ನೀವೇ ಬರ್ದುಬಿಡಿ ಸಾರ್, ನಿಮ್ ಅಕ್ಷರ ಚೆಂದ."

ಬರೆದೆ. "ನನ್ನ ಮಗಳನ್ನು ಸ್ವಂತ ಇಚ್ಛೆಯಿಂದ ಬಿಡಿಸಿಕೊಂಡು ಹೋಗುತ್ತಿದ್ದೇನೆ." ನನ್ನ ದುಂಡು ಅಕ್ಷರದಲ್ಲೇ. ಆಕೆ ಕೆಳಗೆ ಸಹಿ ಮಾಡಿದರು. ಹೋಗುವಾಗ ನನ್ನ ಕಡೆ ತಿರುಗಿ "ತಪ್ಪಾಯ್ತು ಸಾರ್, ಗುರುಗಳ ಮೇಲೆ ಕೈ ಮಾಡ್ಬುಟ್ಲು" ಎಂದು ಕೈಮುಗಿದರು.

ಮುಂದಿನ ಶನಿವಾರ ಕೋಲಾಟದ ಅವಧಿಗೆ ಹುಡುಗಿಯರು ಬಂದರು. ನಾನು ಕರೆಯಲಿಲ್ಲ, ಅವರೇ ಕೋಲು ತೆಗೆದುಕೊಂಡು ನಿಂತರು. ಎಂಟನೇ ತರಗತಿಯವಳನ್ನು ಸೇರಿಸಿಕೊಳ್ಳಲಿಲ್ಲ. ಒಂದು ಜಾಗ ಖಾಲಿ ಬಿಟ್ಟು ಹನ್ನೊಂದು ಜನ. ಪದ ಶುರುವಾಯಿತು. ಬಸ್ಸಿನ ಹುಡುಗಿಯರು ಒಬ್ಬೊಬ್ಬರಾಗಿ ಆ ಖಾಲಿ ಜಾಗದ ಎದುರಿಗೆ ಬಂದಾಗ ಎಡಗೈ ಎತ್ತಿ ಗಾಳಿಗೆ ಹೊಡೆದು ಮುಂದೆ ಸರಿಯುತ್ತಿದ್ದರು. ಒಂದೊಂದು ಸುತ್ತಿಗೂ ಆ ಜಾಗದಲ್ಲಿ ಸದ್ದಿಲ್ಲ. ನನ್ನ ಕಡೆ ಯಾರೂ ನೋಡಲಿಲ್ಲ. ಮೂರು ಪದ ಮುಗಿಸಿ ಕೋಲುಗಳನ್ನು ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಕಾಲ ಬಳಿ ಇಟ್ಟು ಹೋದರು. ಆ ತಂಡ ಮತ್ತೆ ಆಡಲಿಲ್ಲ.

ಅವತ್ತೇ ಮಧ್ಯಾಹ್ನ ಅವಳ ಮನೆಗೆ ಹೋದೆ. ತಾಯಿಗೆ ಎಲ್ಲ ಹೇಳಿದೆ. ಮೊದಲು ಹೊಡೆದವನು ನಾನು, ಸುಮ್ಮನಿದ್ದವನು ನಾನು. ಆಕೆ ಕಣ್ಣು ಅರಳಿಸಿ ಕೇಳಿದರು: "ಅಯ್ಯೋ, ಅಷ್ಟಕ್ ಬಂದ್ರಾ ಸಾರ್? ಮೇಷ್ಟ್ರು ಹೊಡೀದೆ ಇನ್ಯಾರ್ ಹೊಡೀತಾರೆ?" ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನಗೆ ಕುರ್ಚಿ ಹಾಕಿ ಮಜ್ಜಿಗೆ ತರಲು ಒಳಗೆ ಹೋದರು.

ಹುಡುಗಿ ಬಾಗಿಲಿಗೊರಗಿ ನಿಂತಿದ್ದಳು. ಬಟ್ಟೆಯ ಚೀಲವೊಂದು ಕಟ್ಟಿ ಸಿದ್ಧವಾಗಿತ್ತು, ಹೊಸಕೋಟೆ ಕಡೆಯ ದೊಡ್ಡಮ್ಮನ ಮನೆಗೆ.

"ತಪ್ಪಾಯ್ತಮ್ಮ" ಎಂದೆ. "ನಿನ್ನ ಸಾಲಿನಿಂದ ತೆಗೀಬಾರದಿತ್ತು. ಹೆಡ್‌ಮಾಸ್ಟರ್ ಹತ್ರ ನಿಜ ಹೇಳಬೇಕಿತ್ತು."

ಅವಳು ಕೇಳಿದಳು:

"ಅವ್ಳಿಗ್ ಹೇಳಿದ್ರಾ ಸಾರ್?"

"ಯಾರಿಗೆ?"

"ನೀವ್ ಹೊಡೆದ್ರಲ್ಲ, ಅವ್ಳಿಗೆ. ಕೈ ಊದ್ಕೊಂಡಿತ್ತು ಸಾರ್ ಅವ್ಳ್ದು."

ಹೇಳಿರಲಿಲ್ಲ. ಒಂದು ವಾರ ದಿನಾ ಎರಡನೇ ಬೆಂಚಿನಲ್ಲಿ ಅವಳ ಮುಖ ನೋಡುತ್ತ ಪಾಠ ಮಾಡಿದ್ದೆ. ಅವಳ ಕೈಯ ಯೋಚನೆಯೇ ನನಗೆ ಬಂದಿರಲಿಲ್ಲ. ನಾನು ಆ ಮನೆಗೆ ಬಂದದ್ದೂ ನನ್ನ ಎದೆಯ ಭಾರ ಇಳಿಸಿಕೊಳ್ಳಲು ಎಂದು ಆ ಕ್ಷಣ ಗೊತ್ತಾಯಿತು.

ಸೋಮವಾರ ತರಗತಿಯೆದುರು ಬಸ್ಸಿನ ಹುಡುಗಿಯ ಕ್ಷಮೆ ಕೇಳಿದೆ. ಎದ್ದು ನಿಂತು "ಪರವಾಗಿಲ್ಲ ಸಾರ್" ಎಂದಳು. ಮಕ್ಕಳು ಮೇಷ್ಟ್ರಿಗೆ ಬೇರೆ ಏನು ತಾನೇ ಹೇಳಿಯಾರು? ಕೂತ ಮೇಲೆ ತಲೆ ಬಗ್ಗಿಸಿಕೊಂಡೇ ಕೇಳಿದಳು: "ಅವ್ಳು ಯಾವಾಗ್ ಬರ್ತಾಳೆ ಸಾರ್?"

ನಡೆದದ್ದನ್ನೆಲ್ಲ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟೆ. ಓದಿ, ಮಡಚಿ, ಡ್ರಾಯರಿಗೆ ಹಾಕಿದರು. "ತಾಯೀನೇ ಅರ್ಜಿ ಕೊಟ್ಟಾಗಿದೆಯಲ್ಲ ಮೇಷ್ಟ್ರೇ, ಅದೂ ನಿಮ್ ಅಕ್ಷರದಲ್ಲಿ. ಮತ್ಯಾಕ್ ಕೆದಕ್ತೀರಾ?" ಕಾಗದವನ್ನು ವಾಪಸು ಇಸಿದುಕೊಂಡು ಮೇಲಿನ ಕಚೇರಿಗೆ ಹೋಗಬಹುದಿತ್ತು. ಹೋಗಲಿಲ್ಲ. ದೊಡ್ಡಮ್ಮನ ಊರಿನ ಹತ್ತಿರದ ಶಾಲೆಗೆ ಎರಡು ಸಲ ಹೋಗಿ ಅವಳನ್ನು ಸೇರಿಸಲು ಓಡಾಡಿದೆ, ಅಷ್ಟನ್ನು ಮಾಡಿದೆ. ವರ್ಷದ ನಡುವೆ ಆಗುವುದಿಲ್ಲವೆಂದರು. ಮಗು ನೋಡಿಕೊಂಡು ತಿಂಗಳುಗಳು ಹೋದವು. ಮುಂದಿನ ಜೂನಿನಲ್ಲಿ ಮತ್ತೆ ಒಂಬತ್ತನೇ ತರಗತಿಗೇ ಸೇರಿದಳು. ಅವಳ ಒಂದು ವರ್ಷ ನನ್ನ ಕರ್ಚೀಫಿನ ಹಿಂದೆ ಹೋಯಿತು.

ನಮ್ಮ ಕಡೆಯ ಕೆಲವು ಶಾಲೆಗಳಲ್ಲಿ ಈಗ ಕೋಲಾಟದ ತಂಡಗಳಿವೆ. ಜಗಳವಾಡುವ ಮಕ್ಕಳನ್ನು ಎದುರುಬದುರು ನಿಲ್ಲಿಸುವುದು ನನ್ನ ಉಪಾಯವೆಂದೇ ಹೆಸರಾಗಿದೆ. ಕಳೆದ ತಿಂಗಳು ದೊಡ್ಡಬಳ್ಳಾಪುರದಲ್ಲಿ ಹೊಸ ಮೇಷ್ಟ್ರುಗಳಿಗೆ ತರಬೇತಿ ಎಂದು ನನ್ನನ್ನೂ ಕರೆದಿದ್ದರು. ಮಾವನ ಕತೆ ಹೇಳಿದೆ, ಚಪ್ಪಾಳೆ ಬಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಹೊಸ ಮೇಡಮ್ ಒಬ್ಬರು ಕೇಳಿದರು:

"ಸಾರ್, ಆ ಮೊದಲನೇ ತಂಡದ ಹುಡುಗೀರು ಈಗ ಏನ್ ಮಾಡ್ತಿದಾರೆ?"

"ಎಲ್ಲಾ ಚೆನ್ನಾಗಿದಾರಮ್ಮ" ಎಂದು ಅನ್ನಕ್ಕೆ ಸಾರು ಹಾಕಿಸಿಕೊಂಡೆ.